ಬಹುದಿನಾತ್ಮಕ ದ್ವಿಚಕ್ರಸ್ಪರ್ಧೆಯಲ್ಲಿ ಹವ್ಯಾಸಿಯ ಹಿಂದುಳಿಕೆ: ಕೆಲವು ತಾತ್ವಿಕ ನೆಲೆಗಳು

ಬಹುದಿನಾತ್ಮಕ ದ್ವಿಚಕ್ರಸ್ಪರ್ಧೆ ಎಂದರೆ ದಿನವೂ ನಸುಕಿನಲ್ಲೆದ್ದು ಸೈಕಲ್ ತುಳಿದು, ಎಲ್ಲ ದಿನಗಳ ಸಮಯವನ್ನೂ ಕೂಡಿ, ಯಾರ ಮೊತ್ತ ಕಡಿಮೆಯೋ ಅವರನ್ನು ಗೆದ್ದವರೆಂದು ಕರೆಯುವ ವ್ಯವಸ್ಥೆ ಎಂದು ಸ್ಥೂಲವಾಗಿ ನಿರ್ವಚಿಸಬಹುದಾಗಿದೆ. ‘ಸ್ಥೂಲವಾಗಿ’ ಎಂಬ ಪದವನ್ನು ಇಲ್ಲಿ ಬಳಸಿರುವುದು ವಿದ್ವತ್ ಸಂಪ್ರದಾಯವನ್ನು ಪಾಲಿಸಲೆಂದೇ ಹೊರತು, ಸೂಕ್ಷ್ಮವಾಗಿ ನಿರ್ವಚಿಸಿದರೆ ಬೇರೇನಾದರೂ ಸಿಕ್ಕೀತೆಂಬ ಭರವಸೆಯಿಂದಲ್ಲ. ಇಂಥ ಸ್ಪರ್ಧೆಯಲ್ಲಿ ಹವ್ಯಾಸಿಯು ವೃತ್ತಿಪರರೊಡನೆ ಮುಖಾಮುಖಿಯಾಗುವ ಪ್ರಕ್ರಿಯೆಯನ್ನು ಪ್ರಸ್ತುತ ಪ್ರಬಂಧವು ಹಲವು ನೆಲೆಗಳಲ್ಲಿ ಅನುಸಂಧಾನಿಸಲು ಹೊರಟಿದೆ. ‘ಮುಖಾಮುಖಿ’ ಎಂಬ ಪರಿಭಾಷೆ ಮಾತ್ರ ಇಲ್ಲಿ ತುಸು ತೊಡಕಿನದು. ಏಕೆಂದರೆ ಹವ್ಯಾಸಿಗೆ ವೃತ್ತಿಪರನ ಮುಖ ಕಾಣುವುದು ಸೀಟಿ ಊದುವ ಮುನ್ನ, ಆಮೇಲೆ ಕಾಣುವುದು ಬೆನ್ನು, ಅದೂ ಮೊದಲ ದಿಬ್ಬದವರೆಗೆ.

ಹವ್ಯಾಸಿಗಳನ್ನು ಐದು ಪಂಗಡಗಳಾಗಿ ವಿಂಗಡಿಸುವುದು ಅಧ್ಯಯನಶಿಸ್ತಿನ ದೃಷ್ಟಿಯಿಂದ ಅನಿವಾರ್ಯವಾಗಿದೆ. ಮೊದಲನೆಯದು ಬಸವನಗುಡೀಯ ಪಂಗಡ: ಸೈಕಲ್ಲಿನ ತೂಕವನ್ನು ಅಂತರರಾಷ್ಟ್ರೀಯ ನಿಯಮದ ಕನಿಷ್ಠ ಮಿತಿಯಾದ 6.8 ಕಿಲೋಗೆ ಇಳಿಸಬೇಕೆಂದು ಕಾರ್ಬನ್ ಚಕ್ರ, ಟೈಟಾನಿಯಂ ಬೋಲ್ಟು ಎಂದು ಸಾಲ ಮಾಡಿ, ಹಾಗೆ ಕಳೆದ ಇನ್ನೂರು ಗ್ರಾಮನ್ನು ಗಾಂಧಿಬಜಾರಿನಲ್ಲಿ 1943ರಿಂದಲೂ ನಡೆಯುತ್ತಿರುವ ವಿದ್ಯಾರ್ಥಿ ಭವನದಲ್ಲಿ ಮಸಾಲೆ ದೋಸೆಯ ರೂಪದಲ್ಲಿ ಮರಳಿ ಪಡೆಯುವುದು ಇದರ ಲಕ್ಷಣ. ಎರಡನೆಯದಾದ ಮಲ್ಲೇಶ್ವರೀಯ ಪಂಗಡವು ಸ್ಯಾಂಕಿ ಕೆರೆಯ ಬಳಿ ನಿಂತು ನಂದಿಬೆಟ್ಟವನ್ನು ಎಷ್ಟು ನಿಮಿಷಕ್ಕೆ ಹತ್ತಿದೆವೆಂದು ಚರ್ಚಿಸುತ್ತದೆ, ಆ ಚರ್ಚೆಗೆ ಹಿಡಿಯುವ ಹೊತ್ತು ಹತ್ತಲು ಹಿಡಿದ ಹೊತ್ತಿಗಿಂತ ಹೆಚ್ಚು. ಚಾಮರಾಜಪೇಟೀಯ ಪಂಗಡವು ಬಹುತೇಕ ಮೊದಲನೆಯದನ್ನೇ ಹೋಲುವುದರಿಂದಲೂ, ನಾಲ್ಕನೆಯ ಮತ್ತು ಐದನೆಯ ಪಂಗಡಗಳಿಗೆ ಹೆಸರು ಹೊಳೆಯದಿರುವುದರಿಂದಲೂ ವಿಂಗಡಣೆಯನ್ನು ಇಲ್ಲಿಗೆ ಕೈಬಿಡಲಾಗಿದೆ.

ಇನ್ನು ‘ಅನುಚಕ್ರಾಶ್ರಯ’. ಮುಂದಿನವನ ಹಿಂಚಕ್ರಕ್ಕೆ ಗೇಣು ದೂರದಲ್ಲಿ ಅಂಟಿಕೊಂಡು ಸಾಗಿ ಗಾಳಿಯ ಪೆಟ್ಟಿನಿಂದ ಪಾರಾಗುವ ಉಪಾಯಕ್ಕೆ ಈ ಹೆಸರು. ಸಂಸ್ಕೃತ ಬಾರದ ಸವಾರರು ಇದನ್ನು ‘ಹಿಂದೆ ಹಿಡಿದುಕೊಳ್ಳುವುದು’ ಎನ್ನುತ್ತಾರೆ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವವನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಮುಗಿಯುವುದರಿಂದ, ಗುಂಪಿನ ಮರೆಯಲ್ಲಿರುವವನು ಕಾಲುಭಾಗಕ್ಕೂ ಹೆಚ್ಚಿನ ಶ್ರಮವನ್ನು ಉಳಿಸಿಕೊಳ್ಳುತ್ತಾನೆ, ಹೀಗಾಗಿ ಬಯಲಿನಲ್ಲಿ ಹವ್ಯಾಸಿಗೂ ವೃತ್ತಿಪರನಿಗೂ ಭೇದವೇ ಇಲ್ಲವೆಂಬ ಅದ್ವೈತಸ್ಥಿತಿ ಏರ್ಪಡುತ್ತದೆ. ಏರು ಬಂತೆಂದರೆ ವೇಗ ಇಳಿದು, ಗಾಳಿಯ ಮರೆ ಹೆಚ್ಚೇನೂ ಉಪಯೋಗಕ್ಕೆ ಬಾರದೆ, ದ್ವೈತ ಸಿದ್ಧಿಸುತ್ತದೆ: ಉನ್ನತ ದರ್ಜೆಯ ವೃತ್ತಿಪರನು ಅರ್ಧ ಗಂಟೆಯ ಏರಿನಲ್ಲಿ ದೇಹತೂಕದ ಪ್ರತಿ ಕಿಲೋಗೆ 6 ವ್ಯಾಟ್ ಆಸುಪಾಸಿನ ಶಕ್ತಿಯನ್ನು ಹೊಮ್ಮಿಸುತ್ತಾನೆ, ಕಚೇರಿ ಮುಗಿಸಿ ಬಂದು ಅಭ್ಯಾಸ ಮಾಡಿದವನು 3 ಮುಟ್ಟಿದರೆ ಮನೆಯಲ್ಲಿ ಪಾಯಸ ಮಾಡುತ್ತಾರೆ.

ಈ ಸಂಧಿಸ್ಥಾನವನ್ನು ಕಣ್ಣಾರೆ ಕಾಣಲು ಟೂರ್ ಆಫ್ ನೀಲಗಿರೀಸ್ ತಕ್ಕ ಆಕರ. ಬೆಂಗಳೂರಿನ ಸೈಕಲ್ ಪ್ರಿಯರು 2008ರಲ್ಲಿ ಆರಂಭಿಸಿದ, ಕರ್ನಾಟಕ, ಕೇರಳ, ತಮಿಳುನಾಡುಗಳ ಬೆಟ್ಟಗಳನ್ನು ಬಳಸಿ ಹೋಗುವ ಈ ಸವಾರಿಯಲ್ಲಿ ಕೆಲವು ಹಾದಿಗಳಿಗೆ ಮಾತ್ರ ಗಡಿಯಾರ ಹಿಡಿಯುತ್ತಾರೆ. ಅಷ್ಟರಲ್ಲಿ ಸ್ಪರ್ಧೆ, ಉಳಿದುದರಲ್ಲಿ ಪ್ರವಾಸ. ಮಸಿನಗುಡಿಯಿಂದ ಊಟಿಯತ್ತ ಏರುವ ಕಲ್ಹಟ್ಟಿ ಘಾಟಿಗೆ 36 ಹೇರ್‌ಪಿನ್ ತಿರುವುಗಳಿದ್ದು, ಆರನೆಯದರ ಹೊತ್ತಿಗೆ ಹವ್ಯಾಸಿಯ ಗೇರುಗಳು ಮುಗಿದಿರುತ್ತವೆ, ಹತ್ತರ ಹೊತ್ತಿಗೆ ಮಾತು ನಿಂತಿರುತ್ತದೆ, ಆಮೇಲೊಂದು ತಿರುವಿನಲ್ಲಿ ಅವನು ಇಳಿದು, ಲಕ್ಷಗಟ್ಟಲೆ ಬೆಲೆಯ ಸೈಕಲ್ಲನ್ನು ಸಂತೆಯಿಂದ ಕೊಂಡು ತಂದ ಹೋರಿಯಂತೆ ಹ್ಯಾಂಡಲ್ ಹಿಡಿದು ನಡೆಸತೊಡಗುತ್ತಾನೆ. ಪೆಡಲಿಗೆ ಕಚ್ಚಿಕೊಳ್ಳಲೆಂದು ಶೂವಿನ ತಳಕ್ಕೆ ತಿರುಪು ಹಾಕಿದ ಕ್ಲೀಟ್ ಎಂಬ ಗಟ್ಟಿ ತುಂಡು ಡಾಂಬರಿಗೆ ಬಡಿದು ಹೆಜ್ಜೆಹೆಜ್ಜೆಗೂ ಟಕ್ ಟಕ್ ಎನ್ನುತ್ತಿದ್ದರೆ, ಕೊನೆಯವರನ್ನು ಗುಡಿಸಿಕೊಂಡು ಬರುವ ಗಾಡಿ ಹಿಂದಿನ ತಿರುವಿನಲ್ಲಿ, ಅವಮಾನವಾಗದಷ್ಟು ದೂರದಲ್ಲಿ, ಇಂಜಿನ್ ಗುರುಗುಟ್ಟಿಸುತ್ತ ಕಾಯುತ್ತಿರುತ್ತದೆ. ಇದನ್ನು ಸಂಶೋಧಕರು ‘ದೇಹದ ಪ್ರತಿರೋಧ’ ಎಂದು ಕರೆಯಬಹುದಾಗಿದೆ. ಮಂಡಿ ನೋವು ಎಂದರೂ ನಡೆಯುತ್ತದೆ.

ತೌಲನಿಕ ಅಧ್ಯಯನವಿಲ್ಲದ ಪ್ರಬಂಧಕ್ಕೆ ಮನ್ನಣೆಯಿಲ್ಲವಾದುದರಿಂದ ಫ್ರಾನ್ಸಿನ ಒಂದು ಪ್ರಸಂಗ. 1913ರ ಟೂರ್ ದ ಫ್ರಾನ್ಸ್‌ನಲ್ಲಿ ಯೂಜೀನ್ ಕ್ರಿಸ್ಟೋಫ್ ಎಂಬ ಸವಾರನ ಸೈಕಲ್ಲಿನ ಮುಂಚಕ್ರ ಹಿಡಿದಿಡುವ ಫೋರ್ಕ್ ಬೆಟ್ಟದ ಮೇಲೆ ಮುರಿದಾಗ, ಆತ ಅದನ್ನು ಹೊತ್ತು ಮೈಲುಗಟ್ಟಲೆ ನಡೆದು, ಒಂದು ಹಳ್ಳಿಯ ಕುಲುಮೆಯಲ್ಲಿ ತಾನೇ ಬೆಸೆದು ಸರಿಮಾಡಿಕೊಂಡ. ತಿದಿ ಒತ್ತಲು ಹುಡುಗನೊಬ್ಬನ ನೆರವು ಪಡೆದನೆಂದು ಅಧಿಕಾರಿಗಳು ದಂಡ ಹಾಕಿದರು. ಅಂದು ವೃತ್ತಿಪರನಿಗೆ ತಿದಿಯ ಹುಡುಗನೂ ಇರಕೂಡದಿತ್ತು, ಇಂದು ಬೆಂಗಳೂರಿನ ಹವ್ಯಾಸಿಯ ಹಿಂದೆ ಬಾಳೆಹಣ್ಣು, ಟ್ಯೂಬು, ಮೆಕ್ಯಾನಿಕ್ ತುಂಬಿದ ವ್ಯಾನು ಬರುತ್ತದೆ.

ಪರಿಭಾಷೆಯ ಬಗ್ಗೆ ಒಂದು ತಕರಾರು ಉಳಿಯುತ್ತದೆ. ವೃತ್ತಿಪರನೆಂದರೆ ತುಳಿದು ಉಣ್ಣುವವನು, ಹವ್ಯಾಸಿಯೆಂದರೆ ಉಂಡು ತುಳಿಯುವವನು ಎಂದು ಸೂತ್ರೀಕರಿಸಬಹುದಾಗಿದ್ದು, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಸಂಬಳದ ಸವಾರರಿಗೂ ಬಾಗಿಲು ತೆರೆದ ಮೇಲೆ ಈ ಭೇದಕ್ಕೆ ದೇಶದ ಹೊರಗೆ ಹೆಚ್ಚಿನ ಬೆಲೆ ಉಳಿದಿಲ್ಲ. ಇಂಜಿನಿಯರಾಗಿದ್ದ ಬೆಂಗಳೂರಿನ ನವೀನ್ ಜಾನ್ 2014ರಲ್ಲಿ, ಒಬ್ಬೊಬ್ಬರೇ ಗಡಿಯಾರದೆದುರು ತುಳಿಯುವ ರಾಷ್ಟ್ರೀಯ ಟೈಮ್ ಟ್ರಯಲ್ ಗೆದ್ದು, 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ವರೆಗೆ ಹೋದಂಥ ಅಪವಾದಗಳು ಇವೆ. ಆದರೆ ಬೆಂಗಳೂರಿನವರು ಆರಂಭದ ಗೆರೆಯಲ್ಲಿ ಪಕ್ಕಕ್ಕೆ ತಿರುಗಿ ನೋಡಿ ‘ಅವರು ಪ್ರೊಫೆಷನಲ್ಸ್’ ಎಂದು ಪಿಸುಗುಡುವುದು ಯಾರ ಬಗ್ಗೆ? ವಿಜಯಪುರ, ಬಾಗಲಕೋಟೆಯ ಹುಡುಗರ ಬಗ್ಗೆ. ಜಾತ್ರೆಯ ಸೈಕಲ್ ಶರ್ಯತ್ತಿನಲ್ಲಿ ಗೆದ್ದು, ಕ್ರೀಡಾ ನಿಲಯಕ್ಕೆ ಆಯ್ಕೆಯಾಗಿ, ಕ್ರೀಡಾ ಕೋಟಾದಲ್ಲಿ ರೈಲ್ವೆಯಲ್ಲೋ ಸೇನೆಯಲ್ಲೋ ನೌಕರಿ ಸಿಕ್ಕೀತೆಂದು ತುಳಿಯುವ ಈ ಹುಡುಗನಿಗೆ ಸಂಬಳವಿಲ್ಲ, ಒಪ್ಪಂದವಿಲ್ಲ. ಹಿರಿಯ ಸವಾರನಿಂದ ಬಂದ ಸೈಕಲ್ಲಿನ ಸೀಟು ಹರಿದಲ್ಲಿ ಹಳೆಯ ಟ್ಯೂಬಿನ ಪಟ್ಟಿ ಸುತ್ತಿರುತ್ತಾನೆ. ನಿಘಂಟಿನ ಪ್ರಕಾರ ಹವ್ಯಾಸಿ ಅವನೇ. ಅವನು ಮುಂದೆ ಹೋದರೆ ‘ಅವನಿಗೇನು, ಬೇರೆ ಕೆಲಸವಿಲ್ಲ, ದಿನವಿಡೀ ತುಳಿಯುತ್ತಾನೆ’ ಎನ್ನುತ್ತಾರೆ. ಬೇರೆ ಕೆಲಸವಿಲ್ಲ ಎಂಬುದು ನಿಜ. ಆ ಕೆಲಸಕ್ಕಾಗಿಯೇ ಅವನು ತುಳಿಯುತ್ತಿರುವುದು.

ವಿಚಾರಸಂಕಿರಣಗಳಲ್ಲಿ ‘ಅಂಚಿನ ಸಂಕಥನ’ ಎಂಬ ನುಡಿಗಟ್ಟು ಊಟಕ್ಕೆ ಮುಂಚೆ ಹತ್ತು ಸಲವಾದರೂ ಕೇಳಿಬರುತ್ತದೆ. ಅಂಚು ಎಂದರೆ ರಸ್ತೆಯ ಅಂಚು. ಡಾಂಬರು ಕಿತ್ತು ಜಲ್ಲಿ ಎದ್ದ, ಲಾರಿಯ ಗಾಳಿ ತಳ್ಳುವ, ಮೊಳದಗಲದ ಆ ಜಾಗದಲ್ಲೇ ಈ ಹುಡುಗರು ಹೆದ್ದಾರಿಯಲ್ಲಿ ದಿನವೂ ಅಭ್ಯಾಸ ಮಾಡುವುದು. ಅಭ್ಯಾಸಕ್ಕೆ ಹೋಗಿ ಮನೆಗೆ ಮರಳದ ಸವಾರರೂ ಇದ್ದಾರೆ. ಈ ವಾಕ್ಯಕ್ಕೆ ‘ಬಹುದಾಗಿದೆ’ ಸೇರಿಸಲು ಎಡೆಯಿಲ್ಲ.

ಓದುಗರಲ್ಲಿ ಕಾರು ಓಡಿಸುವವರು ನಸುಕಿನ ಹೊತ್ತು ರಸ್ತೆಯ ಎಡ ಅಂಚಿನಲ್ಲಿ ಸಾಲಾಗಿ ಹೋಗುವ ಸೈಕಲ್ಲುಗಳನ್ನು ಕಂಡಾಗ, ಹಾರನ್ ಒತ್ತದೆ, ಒಂದು ಮಾರು ಬಲಕ್ಕೆ ಸರಿದು ಮುಂದೆ ಹೋಗಬೇಕೆಂದು ವಿನಂತಿ.