ಕೇದಾರಕಂಠ ರಿಟರ್ನ್ಡ್

ಬೆಂಗಳೂರಿನ ಯಾವ ಆಫೀಸಿಗೆ ಹೋಗಿ, ಯಾವ ಅಪಾರ್ಟ್‌ಮೆಂಟಿಗೆ ಹೋಗಿ, ಇಂಥವರೊಬ್ಬರು ಇದ್ದೇ ಇರುತ್ತಾರೆ. ಯಾವುದೋ ಡಿಸೆಂಬರಿನಲ್ಲಿ ಉತ್ತರಾಖಂಡಕ್ಕೆ ಹೋಗಿ, ಹಿಮದಲ್ಲಿ ನಡೆದು, 12,500 ಅಡಿಯ ಕೇದಾರಕಂಠದ ತುದಿಯಲ್ಲಿ ಕನ್ನಡ ಬಾವುಟ ಹಿಡಿದು ಫೋಟೊ ತೆಗೆಸಿಕೊಂಡವರು. ಹೋಗಿದ್ದು ಒಂದೇ ಸಲ. ಹೋಗಿಬಂದದ್ದನ್ನು ಹೇಳುವುದು ಮಾತ್ರ ಇನ್ನೂ ಮುಗಿದಿಲ್ಲ. ಹಿಂದೆ ವಿಲಾಯಿತಿಗೆ ಹೋಗಿಬಂದವರು ಮನೆ ಮುಂದಿನ ಬೋರ್ಡಿನಲ್ಲಿ ‘ಇಂಗ್ಲೆಂಡ್ ರಿಟರ್ನ್ಡ್’ ಎಂದು ಬರೆಸುತ್ತಿದ್ದರಂತೆ. ಇವರಿಗೆ ವಾಟ್ಸಾಪ್ ಡಿಪಿ ಸಾಕು. ನಾವು ಅವರನ್ನು ಲೀಡರ್ರು ಅನ್ನುತ್ತೇವೆ. ಅವರೂ ಬೇಡ ಅನ್ನುವುದಿಲ್ಲ.

‘ಭಾನುವಾರ ಮಧುಗಿರಿ’ ಎಂದು ಗ್ರೂಪಿನಲ್ಲಿ ಅಪ್ಪಣೆ ಬೀಳುತ್ತದೆ. ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರು, ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ. ಹಿಂದೆಯೇ ತರಬೇಕಾದ ಸಾಮಾನಿನ ಪಟ್ಟಿ: ಹೆಡ್‌ಲ್ಯಾಂಪ್, ವಿಸಿಲ್, ಓಆರ್‌ಎಸ್, ‘ಮೂರು ಲೇಯರ್ ಬಟ್ಟೆ’. ಫೆಬ್ರವರಿ ಕೊನೆಯಲ್ಲಿ, ತುಮಕೂರು ಜಿಲ್ಲೆಗೆ, ಮೂರು ಲೇಯರ್! ಊಟದ ವಿಷಯ ಆ ಪಟ್ಟಿಯಲ್ಲಿ ಎಲ್ಲೂ ಇರುವುದಿಲ್ಲ. ಅದನ್ನು ಅಕೌಂಟ್ಸ್ ವಿಭಾಗದ ಮೇಡಂ ಯಾರಿಗೂ ಹೇಳದೆ ಚಿತ್ರಾನ್ನ ಕಲಸಿಕೊಂಡು ಬಂದು ಸರಿಮಾಡುತ್ತಾರೆ.

ದಾಬಸ್‌ಪೇಟೆಯಲ್ಲಿ ತಟ್ಟೆ ಇಡ್ಲಿಗೆ ಗಾಡಿ ನಿಲ್ಲುತ್ತದೆ. “ಒಂದೇ ಸಾಕು, ಹೊಟ್ಟೆ ಭಾರ ಆದ್ರೆ ಹತ್ತಕ್ಕಾಗಲ್ಲ” ಎಂದು ಲೀಡರ್ರು ಎಲ್ಲರನ್ನೂ ತಡೆದು, ತಾವು ಮೂರು ಮುಗಿಸಿ ವಡೆಗೆ ಹೇಳುತ್ತಾರೆ. ಅವರದು ಪಳಗಿದ ದೇಹ.

ಬೆಟ್ಟದ ಬುಡದ ಟೀ ಅಂಗಡಿಗೆ ಅವರಿಡುವ ಹೆಸರು ‘ಬೇಸ್ ಕ್ಯಾಂಪ್’. ಅಲ್ಲಿ ಬ್ಯಾಗಿನಿಂದ ಆಕ್ಸಿಮೀಟರ್ ಹೊರಬರುತ್ತದೆ. ಎಲ್ಲರ ಬೆರಳಿಗೂ ಸಿಕ್ಕಿಸಿ, 98 ಬಂದವರಿಗೆ ‘ಗುಡ್’, 97 ಬಂದವರಿಗೆ ‘ನೋಡ್ಕೊಂಡು ಹತ್ತಿ’. ಟೀ ಅಂಗಡಿಯವರು ತಮ್ಮ ಬೆರಳನ್ನೂ ಚಾಚುತ್ತಾರೆ. ಅವರದು 99.

“ಎಷ್ಟಡಿ ಇದು?” ಎಂದು ಹೊಸ ಹುಡುಗನೊಬ್ಬ ಕೇಳಿಬಿಡುತ್ತಾನೆ. ಕೇಳಬಾರದಿತ್ತು.

“3,930. ನಾವು ಕೇದಾರಕಂಠಕ್ಕೆ ಹೊರಡೋ ಸಾಂಕ್ರಿ ಅನ್ನೋ ಹಳ್ಳೀನೇ ನಮ್ಮ ಮುಳ್ಳಯ್ಯನಗಿರಿ ಎತ್ತರಕ್ಕಿದೆ ಕಣಪ್ಪ. ಇದೆಲ್ಲ ವಾರ್ಮಪ್ಪು.”

ವಾರ್ಮಪ್ ಎನ್ನಿಸಿಕೊಂಡ ಬೆಟ್ಟ ಕೋಟೆಯ ಒಂದೆರಡು ಬಾಗಿಲು ದಾಟುವವರೆಗೂ ಸುಮ್ಮನಿರುತ್ತದೆ. ಆಮೇಲೆ ಮೆಟ್ಟಿಲು ಹೋಗಿ ಬರೀ ಬಂಡೆ. ಏಕಶಿಲೆ ಎಂದರೇನು ಎಂಬುದು ಪಾದಕ್ಕೆ ಅರ್ಥವಾಗುವ ಜಾಗ ಅದು. ಅರ್ಧ ಪಾದ ಹಿಡಿಸುವಷ್ಟೇ ಕೊರೆದ ಕಚ್ಚುಗಳು, ಪಕ್ಕದಲ್ಲಿ ಕಬ್ಬಿಣದ ಕಂಬಿ. ಲೀಡರ್ರ ಟ್ರೆಕಿಂಗ್ ಕೋಲುಗಳ ಉಕ್ಕಿನ ಮೊನೆ ಹಿಮಕ್ಕೆಂದು ಮಾಡಿದ್ದು. ಕಲ್ಲಿನ ಮೇಲೆ ಅದು ‘ಟಿಕ್’ ಅಂದು ಜಾರುತ್ತದೆ. ಕಂಬಿಗೆ ಎರಡು ಕೈ ಬೇಕು, ಕೋಲಿಗೆ ಇನ್ನೆರಡು. ಕೊನೆಗೆ ಕೋಲುಗಳು ಆ ಹೊಸ ಹುಡುಗನ ಬೆನ್ನೇರುತ್ತವೆ.

ಅರ್ಧ ದಾರಿಗಿಂತ ಮೇಲೆ ದೊಣೆ ಸಿಗುತ್ತದೆ. ಹೀರದ ಕಲ್ಲಿನ ತಗ್ಗಿನಲ್ಲಿ ಮಳೆ ನೀರು ನಿಂತು ಆದ ಕೊಳ. ಕೋಟೆ ಕಾದವರೆಲ್ಲ ಕುಡಿದು ಬದುಕಿದ್ದು ಇಂಥ ನೀರನ್ನೇ. ಪಾಳೇಗಾರ ಗೌಡರ ಕಾಲದಲ್ಲೂ ಅಷ್ಟೇ, ಹೈದರಾಲಿ ಕಲ್ಲು ಕಟ್ಟಿಸಿ ಬಿಗಿ ಮಾಡಿದ ಮೇಲೂ ಅಷ್ಟೇ. ಒಂದು ದೊಣೆಗೆ ನವಿಲಿನ ಹೆಸರು, ಇನ್ನೊಂದಕ್ಕೆ ಭೀಮನ ಹೆಸರು. ನಮ್ಮ ಯಾವ ಬೆಟ್ಟಕ್ಕೆ ಹೋದರೂ ಭೀಮ ಅಲ್ಲಿಗೆ ಮೊದಲೇ ಬಂದು ಹೋಗಿರುತ್ತಾನೆ. ಅಷ್ಟು ಸುತ್ತಿದವನು ಒಂದು ಡಿಪಿ ಹಾಕಿಕೊಂಡವನಲ್ಲ.

ಬಿಸಿಲಿಗೆ ಹಸಿರಾಗಿ ಮಿನುಗುವ ನೀರು, ಅಂಚಿನಲ್ಲಿ ಕಣ್ಣು ಮಾತ್ರ ಹೊರಗಿಟ್ಟ ಕಪ್ಪೆ, ಕೆಳಗೆ ಆಟದ ಸಾಮಾನಿನಂತೆ ಕಾಣುವ ಮಧುಗಿರಿ ಪೇಟೆ. ಲೀಡರ್ರು ಒಂದು ಕ್ಷಣ ನೋಡಿ ಫೋನ್ ತೆಗೆಯುತ್ತಾರೆ.

“ಕೊಳ ಅಂದ್ರೆ ಜುಡಾ ಕಾ ತಾಲಾಬ್ ನೋಡ್ಬೇಕು.”

ಬಿಸಿಲಿಗೆ ಪರದೆ ಕಾಣುವುದಿಲ್ಲ. ಆರು ಜನ ದೊಣೆಗೆ ಬೆನ್ನು ಹಾಕಿ, ಅಂಗೈ ಮರೆ ಹಿಡಿದು, ಒಬ್ಬರ ಮೇಲೊಬ್ಬರು ಬಗ್ಗಿ, ಎರಡು ಸಾವಿರ ಕಿಲೋಮೀಟರು ಆಚೆಯ ಹೆಪ್ಪುಗಟ್ಟಿದ ಕೊಳ ನೋಡುತ್ತಾರೆ. ಶಿವನ ಜಟೆಯಿಂದ ಬಿದ್ದ ನೀರಂತೆ ಅದು. ಅಕೌಂಟ್ಸ್ ಮೇಡಂ ಒಬ್ಬರೇ ಈ ಕಡೆ ತಿರುಗಿ ಕಪ್ಪೆ ನೋಡುತ್ತಾ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಾರೆ. ಜಟೆ, ಹಿಮ, ಎಲ್ಲ ಅಲ್ಲಿಗೆ ಮುಗಿಯಿತು.

ತುದಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣ ದೇವಸ್ಥಾನ, ಗಾಳಿ, ಗ್ರೂಪ್ ಫೋಟೊ.

ಇಳಿಯುವಾಗಲೇ ಕಷ್ಟ. ಹತ್ತುವಾಗ ಕಾಣದ ಪಾತಾಳ ಇಳಿಯುವಾಗ ಕಣ್ಣೆದುರೇ ಇರುತ್ತದೆ. ಯಾರಾದರೊಬ್ಬರು ಕಂಬಿ ಹಿಡಿದು ಕೂತುಬಿಡುತ್ತಾರೆ, “ನನ್ನ ಕೈಲಾಗಲ್ಲ.” ಆಗ ನೋಡಬೇಕು ಲೀಡರ್ರನ್ನು. ಹಿಮಾಲಯದ ಮಾತಿಲ್ಲ. ಅವರ ಬ್ಯಾಗು ತಾವು ಹೊತ್ತು, ಒಂದು ಕಚ್ಚು ಕೆಳಗೆ ನಿಂತು, “ನನ್ನ ಭುಜ ನೋಡಿ, ಕೆಳಗೆ ನೋಡ್ಬೇಡಿ” ಎಂದು ಒಂದೊಂದೇ ಹೆಜ್ಜೆ ಇಳಿಸುತ್ತಾರೆ. ಮಧ್ಯೆ ಕಂಡ ಚಿಪ್ಸ್ ಪ್ಯಾಕೆಟ್ಟುಗಳನ್ನು ಹೆಕ್ಕಿ ಜೇಬಿಗೆ ತುರುಕುತ್ತಾರೆ. ಗಾಡಿ ಹತ್ತಿದ ಮೇಲೆ ಸಾಂಕ್ರಿಯಿಂದ ಕಥೆ ಮತ್ತೆ ಶುರು. ಅಷ್ಟು ಹೊತ್ತು ತಡೆದಿದ್ದೇ ದೊಡ್ಡದು.

ಇಂಥವರಿಲ್ಲದಿದ್ದರೆ ಭಾನುವಾರ ನಾವೆಲ್ಲ ಹತ್ತು ಗಂಟೆಗೆ ಎದ್ದು ಹನ್ನೊಂದಕ್ಕೆ ದೋಸೆ ತಿನ್ನುತ್ತಿದ್ದೆವು, ಮಧುಗಿರಿ ಇನ್ನೂ ಮ್ಯಾಪಿನಲ್ಲೇ ಇರುತ್ತಿತ್ತು. ಆದ್ದರಿಂದ ನಿಮ್ಮ ಲೀಡರ್ರು ಗ್ರೂಪಿಗೆ ಸೇರಿಸಿದರೆ ಎಕ್ಸಿಟ್ ಆಗಬೇಡಿ. ಎರಡು ಲೀಟರ್ ನೀರು ಹೊತ್ತುಕೊಳ್ಳಿ, ಬಂಡೆ ಕಾಯುವ ಮೊದಲೇ ಹತ್ತಿಬಿಡಿ. ಫೋನಿನ ಕೊಳವನ್ನೂ ಒಂದು ಸಲ ನೋಡಿ, ಫೋಟೊ ಚೆನ್ನಾಗಿಯೇ ಇದೆ. ದೊಣೆಗೆ ಮಾತ್ರ ಇಳಿಯಬೇಡಿ, ಪಾಚಿ ಜಾರುತ್ತದೆ.