ಪ್ರಾಂಪ್ಟಪ್ಪ

ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಈ ಮಹಾಶಯರಿಗೆ ಅಪ್ಪ-ಅಮ್ಮ ಇಟ್ಟ ಹೆಸರು ಬೇರೆ. ಪ್ರಾಂಪ್ಟಪ್ಪ ಅನ್ನುವುದು ನಾವು ನೆರೆಹೊರೆಯವರು ಕೊಟ್ಟ ಬಿರುದು. ವೈಟ್‌ಫೀಲ್ಡಿನ ಯಾವ ಲಿಫ್ಟು ಹತ್ತಿದರೂ ಇಂಥವರೊಬ್ಬರು ಸಿಗುತ್ತಾರೆ.

2021ರಲ್ಲಿ ಕೋಡ್ ಬರೆದುಕೊಡುವ ಎಐ ಕೋಪೈಲಟ್ ಬಂದಾಗ ಮೊದಲು ಮೂಗು ಮುರಿದವರು ಇವರೇ. “ಗೈಡು ಉರು ಹೊಡೆದ ಹುಡುಗನ ಉತ್ತರಪತ್ರಿಕೆ ಕಣ್ರೀ ಅದು” ಅಂದಿದ್ದರು. ವೇರಿಯಬಲ್‌ಗೆ ಸರಿಯಾದ ಹೆಸರಿಡದ ಜೂನಿಯರ್‌ಗಳನ್ನು ಅರ್ಧ ಗಂಟೆ ನಿಲ್ಲಿಸಿ ಪಾಠ ಹೇಳುತ್ತಿದ್ದ ಜೀವ. 2025ರ ಫೆಬ್ರವರಿಯಲ್ಲಿ ಎಐ ಸಂಶೋಧಕ ಆಂಡ್ರೆ ಕರ್ಪಾಥಿ, ಎಐಗೆ ಬಾಯಲ್ಲಿ ಹೇಳಿ ಕೋಡ್ ಬರೆಸುವುದಕ್ಕೆ ‘ವೈಬ್ ಕೋಡಿಂಗ್’ ಅಂತ ಹೆಸರಿಟ್ಟು, ಕೋಡ್ ಇದೆ ಅನ್ನೋದನ್ನೇ ಮರೆತುಬಿಡುವ ಮಾತಾಡಿದರು ನೋಡಿ, ನಮ್ಮವರು ನಿಜಕ್ಕೂ ಮರೆತೇಬಿಟ್ಟರು. ವಾರಾಂತ್ಯದ ಆಟಕ್ಕೆ ಇದು ಪರವಾಗಿಲ್ಲ ಅಂತ ಕರ್ಪಾಥಿಯೇ ಸೇರಿಸಿದ್ದನ್ನು ಓದುವ ವ್ಯವಧಾನ ಯಾರಿಗಿತ್ತು?

ಈಗ ಅವರದು ಮೇಸ್ತ್ರಿ ಕೆಲಸ. ದರ್ಶಿನಿಯಲ್ಲಿ ಬೈ-ಟು ಕಾಫಿ ಹಿಡಿದು ನಿಂತು, ಫೋನಿನಲ್ಲಿ ಕೋಡ್ ಬರೆಯುವ ಎಐ ಏಜೆಂಟಿಗೆ “ಅದನ್ನ ಸ್ವಲ್ಪ ನೀಟಾಗಿ ಮಾಡಪ್ಪ” ಅನ್ನುತ್ತಿರುತ್ತಾರೆ.

ಹೋದ ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಲೆಕ್ಕಕ್ಕೆ ಆಪ್ ಮಾಡಿಕೊಟ್ಟರು, ನಲವತ್ತೇ ನಿಮಿಷದಲ್ಲಿ. ಕೋಡ್ ಸರಿಯಿದೆಯಾ ಅಂತ ನೋಡುವ ಒಂದು ಟೆಸ್ಟು ಫೇಲಾಗಿ ಕೆಂಪಾಗಿತ್ತಂತೆ. “ಸರಿ ಮಾಡು” ಅಂದರು, ಹಸಿರಾಯಿತು. ತಿಂಗಳ ಕೊನೆಗೆ ವಾಚ್‌ಮನ್ ಪುಸ್ತಕದಲ್ಲಿ ಅರವತ್ತೆರಡು ಟ್ಯಾಂಕರು, ಆಪಿನಲ್ಲಿ ನಲವತ್ತೊಂದು. ಟ್ಯಾಂಕರಿನವನು ಗೇಟಿನಲ್ಲೇ ಜಗಳಕ್ಕೆ ನಿಂತ.

ಕೂತು ನೋಡಿದರೆ, ಏಜೆಂಟು ಆ ಟೆಸ್ಟನ್ನೇ ಅಳಿಸಿಹಾಕಿತ್ತು! ಕೇಳಿದ್ದಕ್ಕೆ “ನೀವು ಹೇಳಿದ್ದು ಸಂಪೂರ್ಣ ಸರಿ” ಎಂಬ ಉತ್ತರ. ಹದಿನೆಂಟು ವರ್ಷದ ನೌಕರಿಯಲ್ಲಿ ಯಾವ ಮ್ಯಾನೇಜರೂ ಆಡದ ಮಾತು. ಪ್ರಾಂಪ್ಟಪ್ಪನವರ ಸಿಟ್ಟು ಅರ್ಧ ಇಳಿಯಿತು.

ಉಳಿದರ್ಧದಲ್ಲಿ ಕನ್ನಡಕ ಏರಿಸಿ ಸಾಲುಸಾಲಾಗಿ ಓದಲು ಕೂತರು. ಪೂರಾ ಮೂರು ರಾತ್ರಿ. ಒಂದೇ ನಂಬರಿನ ಗಾಡಿ ಒಂದೇ ದಿನ ಎರಡನೇ ಸಲ ಬಂದರೆ, ಅದು ಎಂಟ್ರಿ ಡಬಲ್ ಆಗಿದ್ದು ಅಂತ ಕೋಡು ಕಿತ್ತೆಸೆಯುತ್ತಿತ್ತು. “ಬೋರು ಬತ್ತಿದ ಮೇಲೆ ಅದೇ ಗಾಡಿ ಮೂರು ಟ್ರಿಪ್ ಹೊಡೆಯುತ್ತೆ ಅಂತ ಅದಕ್ಕೆ ಹೇಗ್ರೀ ಗೊತ್ತಾಗಬೇಕು? ನಾನೇ ಹೇಳಬೇಕಿತ್ತು” ಅಂದರು. ಹಳೇ ಮೇಷ್ಟ್ರ ದನಿ ವಾಪಸು ಬಂದಿತ್ತು.

ಆಪ್ ಈಗ ಸರಿಯಾಗಿದೆ. ವಾಚ್‌ಮನ್ ಮಾತ್ರ ಪುಸ್ತಕದಲ್ಲೂ ಬರೆದಿಡುತ್ತಿದ್ದಾರೆ; ಬೇಡ ಅಂತ ಪ್ರಾಂಪ್ಟಪ್ಪನವರೂ ಹೇಳಿಲ್ಲ.