ಎರಡು ದೇಶ, ಎಂಟು ಡಬ್ಬಿ

ತೂಗಿ ನೋಡುವ ಚಟ ಗಡಿಯ ಜನಕ್ಕೆ ಹುಟ್ಟಿನಿಂದಲೇ ಅಂಟಿಕೊಂಡಿರುತ್ತದೆ. ನಮ್ಮ ವೈನಿಗೆ ಮಹಾರಾಷ್ಟ್ರ ಸರಕಾರ ‘ಲಾಡಕೀ ಬಹೀಣ’ ಎಂದು ತಿಂಗಳಿಗೆ 1500 ರೂಪಾಯಿ ಕೊಡುತ್ತದೆ. ಬೋರಗಾವಿಗೆ ಕೊಟ್ಟ ಅವರ ತಂಗಿಗೆ ಕರ್ನಾಟಕ ಸರಕಾರ ‘ಗೃಹಲಕ್ಷ್ಮಿ’ ಎಂದು 2000 ಕೊಡುತ್ತದೆ. ನಡುವಿನ ಐನೂರು ರೂಪಾಯಿ ಪ್ರತಿ ಹಬ್ಬಕ್ಕೂ ನಮ್ಮ ಮನೆಯ ಪಂಕ್ತಿಯಲ್ಲಿ ಊಟಕ್ಕೆ ಕೂಡುತ್ತದೆ. “ನಿಮ್ದು ತಡಾ ಮಾಡಿ ಬರ್ತೈತಿ” ಎಂದು ವೈನಿ, “ಬಂದ ಮ್ಯಾಲ ನಿಮ್ಮದಕ್ಕಿಂತ ದಪ್ಪ ಇರ್ತೈತಿ” ಎಂದು ತಂಗಿ. ಎರಡು ರಾಜ್ಯಗಳ ಗಡಿ ತಂಟೆ ಬಗೆಹರಿಸಲು ಕೂತ ಮಹಾಜನ ಆಯೋಗ 1967ರಲ್ಲಿ ವರದಿ ಒಪ್ಪಿಸಿ ಕೈ ತೊಳೆದುಕೊಂಡಿತು. ನಾವು ಇನ್ನೂ ತೊಳೆದುಕೊಂಡಿಲ್ಲ. ಇಂಥ ಮನೆಯ ಹುಡುಗಿಗೆ ಒಂದೇ ವಾರದಲ್ಲಿ ಇಂಗ್ಲೆಂಡಿನಿಂದೊಂದು, ಆಸ್ಟ್ರೇಲಿಯದಿಂದೊಂದು ಸಂಬಂಧ ಕೇಳಿಬಂದರೆ ಏನಾಗಬೇಕೋ ಅದೇ ಆಯಿತು.

ಹುಡುಗಿ ನಮ್ಮಣ್ಣನ ಮಗಳು. ನಮ್ಮೂರು ಯಡ್ರಾವದಲ್ಲೇ ಇಂಜಿನಿಯರಿಂಗ್ ಓದಿ, ಪುಣೆಯ ಕಂಪನಿಯೊಂದರ ಕೆಲಸವನ್ನು ಮನೆಯ ಮಾಳಿಗೆಯ ಮೇಲೆ ಕೂತು ಮಾಡುತ್ತಾಳೆ. ವರರಿಬ್ಬರೂ ಸಾಫ್ಟ್‌ವೇರು, ಇಬ್ಬರೂ ನಮ್ಮವರೇ. ಸಂಬಳ ಕೂಡ ಹೆಚ್ಚುಕಡಿಮೆ ಒಂದೇ. ಹೀಗೆ ಹುಡುಗರಲ್ಲಿ ಭೇದವೇ ಸಿಗದೆ ಹೋದಾಗ ಅಣ್ಣ, “ಹಂಗಾದ್ರ ದೇಶಾನ ನೋಡೂಣು” ಎಂದ. ಎಲ್ಲರೂ ನನ್ನತ್ತ ತಿರುಗಿದರು. ನಾನು ಎರಡೂ ದೇಶ ಕಂಡವನಲ್ಲ. ಆದರೆ ಸೂತಗಿರಣಿಯಲ್ಲಿ ಆಯುಷ್ಯವೆಲ್ಲ ಲೆಕ್ಕ ಬರೆದವನು. ಖತಾವಣಿಯೊಂದನ್ನು ತಂದು ನಡುವೆ ಗೆರೆ ಎಳೆದು, ಎಡಕ್ಕೆ ಮ್ಯಾಂಚೆಸ್ಟರ್, ಬಲಕ್ಕೆ ಮೆಲ್ಬರ್ನ್ ಎಂದು ಬರೆದೆ. ಬರೆದ ಮೇಲೆ ಮೈಯಲ್ಲಿ ಒಂದು ಗತ್ತು ಬಂತು, ಸುಳ್ಳು ಯಾಕೆ ಹೇಳಲಿ.

ಮ್ಯಾಂಚೆಸ್ಟರ್ ಎಂದ ಕೂಡಲೇ ವೈನಿ ಮುಖ ಸಿಂಡರಿಸಿದರು. ಅವರಿಗೆ ಗೊತ್ತಿರುವ ಮ್ಯಾಂಚೆಸ್ಟರ್ ಒಂದೇ, ಅದು ಇಚಲಕರಂಜಿ. 1904ರಲ್ಲಿ ಅಲ್ಲಿ ಮೊದಲ ಪಾವರಲೂಮ್ ತಿರುಗಿದ್ದು, ಆಮೇಲೆ ಊರಿಗೆ ಊರೇ ಖಟಖಟ ಎನ್ನತೊಡಗಿದ್ದು, ‘ಮಹಾರಾಷ್ಟ್ರದ ಮ್ಯಾಂಚೆಸ್ಟರ್’ ಎಂಬ ಬಿರುದು ಬಂದಿದ್ದು ಎಲ್ಲರಿಗೂ ಗೊತ್ತು. “ಮತ್ತ ಅದೇ ಸಪ್ಪಳದಾಗ ಕೊಡೂದಾದ್ರ ಅಷ್ಟ ದೂರ ಯಾಕ, ಇಲ್ಲೇ ಕೊಡೂಣಲ್ಲ” ಎಂದರು. ಅಸಲಿ ಮ್ಯಾಂಚೆಸ್ಟರಿನಲ್ಲಿ ಈಗ ಮಗ್ಗದ ಸಪ್ಪಳವಿಲ್ಲ, ಗಿರಣಿಗಳೆಲ್ಲ ಮುಚ್ಚಿ ಮನೆಗಳೂ ಆಫೀಸುಗಳೂ ಆಗಿವೆ, ಹುಡುಗನ ಆಫೀಸು ಕೂಡ ಹಳೆಯ ನೂಲಿನ ಗಿರಣಿಯೊಳಗೇ ಇದೆ ಎಂದು ತಿಳಿಸಿದೆ. ವೈನಿಗೆ ಇನ್ನೂ ಕೆಟ್ಟದೆನಿಸಿತು. “ಗಿರಣಿ ಮುಚ್ಚಿದ ಊರಾಗ ಬರ್ಕತ್ ಎಲ್ಲಿರ್ತೈತಿ?” ಮುಚ್ಚಿದ ಗಿರಣಿ ಎಂದರೆ ಏನು ಎಂಬುದು ನಮ್ಮ ಕಡೆ ಯಾರಿಗೂ ವಿವರಿಸಬೇಕಾಗಿಲ್ಲವಾದ್ದರಿಂದ ನಾನು ಆ ಮಾತು ಬೆಳೆಸಲಿಲ್ಲ.

ಲೆಕ್ಕದ ಭಾಗ ಬೇಗ ಮುಗಿಯಿತು. ವಿಶ್ವಸಂಸ್ಥೆ 2025ರಲ್ಲಿ ಹೊರಡಿಸಿದ ಮಾನವ ಅಭಿವೃದ್ಧಿಯ ಪಟ್ಟಿಯಲ್ಲಿ ಆಸ್ಟ್ರೇಲಿಯ 7ನೆಯದು, ಬ್ರಿಟನ್ 13ನೆಯದು, ನಾವು 130. “ಆ ನೂರಾ ಮೂವತ್ತರಾಗ ಯಡ್ರಾವ ಎಷ್ಟನೇದು?” ಎಂದು ಅಣ್ಣ ಕೇಳಿದ. ಇಂಗ್ಲೆಂಡಿನಲ್ಲಿ ದವಾಖಾನೆ ಪುಕ್ಕಟೆ. ಆದರೆ ಹೊರಗಿನಿಂದ ಹೋದವನು ವೀಸಾ ತೆಗೆಯುವಾಗಲೇ ವರ್ಷಕ್ಕೆ 1035 ಪೌಂಡಿನಂತೆ ಆರೋಗ್ಯದ ಸುಂಕ ಇಡಬೇಕು. ಟಿವಿ ನೋಡಲು ಲೈಸೆನ್ಸು ಬೇರೆ, ವರ್ಷಕ್ಕೆ 170 ಪೌಂಡಿನ ಮೇಲೆ. ನಮ್ಮಲ್ಲೂ ಒಂದು ಕಾಲಕ್ಕೆ ರೇಡಿಯೊ ಲೈಸೆನ್ಸಿನ ದುಡ್ಡು ಪೋಸ್ಟಿನಲ್ಲಿ ಕಟ್ಟುತ್ತಿದ್ದರಲ್ಲ, ಆ ಜಾತಿಯದು. ಆಸ್ಟ್ರೇಲಿಯದಲ್ಲಿ ಮಾಲೀಕ ನೌಕರನ ನಿವೃತ್ತಿಗೆಂದು ಸಂಬಳದ ಮೇಲೆ ಶೇ. 12 ತುಂಬುತ್ತಾನಂತೆ. ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟಿದ್ದೆ. ಆಮೇಲೆ ನೆನಪಾಯಿತು, ನಮ್ಮ ಗಿರಣಿಯ ಪಿಎಫ್ ಕೂಡ ಹನ್ನೆರಡೇ. ಪುನಃ ಕೂತೆ. ಮೆಲ್ಬರ್ನ್ 2011ರಿಂದ 2017ರವರೆಗೆ ‘ಬದುಕಲು ಯೋಗ್ಯ ನಗರ’ಗಳ ಪಟ್ಟಿಯಲ್ಲಿ ಸತತ ಮೊದಲಿತ್ತು ಎಂದು ಬಲಕ್ಕೆ ಜಮಾ ಹಾಕಿದೆ. ಮ್ಯಾಂಚೆಸ್ಟರಿನಲ್ಲಿ ಸದಾ ಮಳೆ ಎಂದು ಎಡಕ್ಕೆ ಖರ್ಚು ಹಾಕಹೋದರೆ, ಅಲ್ಲಿ ವರ್ಷವಿಡೀ ಬೀಳುವುದು ಸಾವಿರ ಮಿಲಿಮೀಟರಿಗಿಂತ ಕಡಿಮೆ. ನಮ್ಮ ಜಿಲ್ಲೆಯ ಗಗನಬಾವಡಾದಲ್ಲಿ ಐದು ಸಾವಿರ ದಾಟುತ್ತದೆ. ಅಂಥ ಜಿನುಗಿಗೆ ಹೆದರಿ ಸಂಬಂಧ ಬಿಡುವುದು ಕೊಲ್ಲಾಪುರ ಜಿಲ್ಲೆಗೆ ಶೋಭೆಯಲ್ಲ ಎಂದು ಹೊಡೆದುಹಾಕಿದೆ.

ಈ ನಡುವೆ ವಿದೇಶದಲ್ಲಿರುವ ಮಗನ ಮನೆಗೆ ಹೋಗಿ ಬಂದ ಹಿರಿಯರೊಬ್ಬರನ್ನು ಸಲಹೆ ಕೇಳಿದ್ದೂ ಆಯಿತು. “ಅಲ್ಲಿ ಯಾರೂ ಹಾರ್ನ್ ಹೊಡ್ಯಾಂಗಿಲ್ಲರೀ, ಶಿಸ್ತು ಅಂದ್ರ ಶಿಸ್ತು” ಎಂದು ಅರ್ಧ ತಾಸು ಕೊರೆದರು. ಅಷ್ಟು ಹೊತ್ತೂ ಅವರ ಕಾರು ನಮ್ಮ ಗೇಟಿಗೆ ಅಡ್ಡ ನಿಂತಿತ್ತು, ಹಿಂದೆ ಮಗ್ಗದ ನೂಲಿನ ಬೀಮ್ ಹೇರಿಕೊಂಡು ಬಂದ ಟೆಂಪೋದವನು ಹಾರ್ನ್ ಹೊಡೆದು ಹೊಡೆದು ಸುಸ್ತಾಗಿದ್ದ. ಇಂಥವರು ಯಾವ ದೇಶಕ್ಕೆ ಹೋಗಿ ಬಂದರೂ ಆ ದೇಶದ ಮೇಲೆ ನನಗೆ ವಿಶ್ವಾಸ ಕಡಿಮೆಯಾಗುತ್ತದೆ.

ಕೊನೆಗೆ ಹುಡುಗರ ಬಾಯಿಂದಲೇ ಕೇಳುವುದೆಂದಾಯಿತು. ಜನವರಿಯಲ್ಲಿ ಯಡ್ರಾವಕ್ಕೆ ಒಂದು ವಿಶೇಷವಿದೆ: ಮ್ಯಾಂಚೆಸ್ಟರ್ ನಮಗಿಂತ ಸರಿಯಾಗಿ ಐದೂವರೆ ತಾಸು ಹಿಂದೆ, ಮೆಲ್ಬರ್ನ್ ಸರಿಯಾಗಿ ಐದೂವರೆ ತಾಸು ಮುಂದೆ. ನಾವು ನಟ್ಟನಡುವೆ. ಇದು ಇಡೀ ಭಾರತಕ್ಕೇ ಅನ್ವಯಿಸುತ್ತದಲ್ಲ ಎನ್ನಬೇಡಿ, ಇಡೀ ಭಾರತ ಅವತ್ತು ನ್ಯಾಯ ಹೇಳಲು ಕೂತಿರಲಿಲ್ಲ. ಮಧ್ಯಾಹ್ನ ಎರಡೂವರೆಗೆ ಫೋನು ಹಚ್ಚಿದರೆ ಒಬ್ಬನಿಗೆ ಬೆಳಗಿನ ಒಂಬತ್ತು, ಇನ್ನೊಬ್ಬನಿಗೆ ರಾತ್ರಿ ಎಂಟು. ಇಷ್ಟು ಸಮತೂಕ ಸಿಕ್ಕ ಮೇಲೆ ಇಬ್ಬರನ್ನೂ ಬೇರೆಬೇರೆ ಕರೆಯುವುದು ದಂಡವೆನಿಸಿತು. ವಾಟ್ಸಾಪಿನಲ್ಲಿ ಇಬ್ಬರನ್ನೂ ಒಂದೇ ವಿಡಿಯೊದೊಳಗೆ ತಂದೆ. ಒಬ್ಬ ಹುಡುಗಿಗೆ ಬಂದ ಇಬ್ಬರು ವರರನ್ನು ಎದುರುಬದುರು ಕೂರಿಸುವ ಪದ್ಧತಿ ಜಗತ್ತಿನ ಯಾವ ಸಮಾಜದಲ್ಲೂ ಇಲ್ಲವೆಂಬುದು ಪರದೆಯ ಮೇಲೆ ಎರಡು ಮುಖ ಮೂಡಿದ ಮೇಲೆ ಹೊಳೆಯಿತು. ಹುಡುಗಿ ಬಾಗಿಲ ಸಂದಿಯಿಂದ “ಕಾಕಾ!” ಎಂದಳು. ಅಷ್ಟೇ. ಆದರೆ ಆ ಕಾಕಾದೊಳಗೆ ಎಲ್ಲ ಇತ್ತು.

ರಾತ್ರಿ ಎಂಟರ ಮೆಲ್ಬರ್ನಿನವನು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದ. ಬೆಳಗಿನ ಒಂಬತ್ತರ ಮ್ಯಾಂಚೆಸ್ಟರಿನವನ ಮನೆಯಲ್ಲಿ ದೀಪ ಉರಿಯುತ್ತಿತ್ತು. ಯಾರೂ ಮಾತಾಡಲಿಲ್ಲ. ಆ ಮೌನ ಮುರಿಯಲು ವೈನಿ ಬಾಯಿಗೆ ಬಂದಿದ್ದನ್ನು ಕೇಳಿದರು: “ಅಲ್ಲಿ ಘಂಟಾಗಾಡಿ ಬರ್ತೈತೇನ್ರಿ?”

ಕಸದ ಗಾಡಿಯೇ? ಬರುತ್ತದೆ, ಆದರೆ ಡಬ್ಬಿ ನಾವೇ ರಸ್ತೆಗೆ ದೂಡಿ ಇಡಬೇಕು ಎಂದ ಮ್ಯಾಂಚೆಸ್ಟರಿನವನು. ಡಬ್ಬಿ ಎಷ್ಟು? ನಾಲ್ಕು. ವೈನಿಗೆ ನಂಬಿಕೆ ಬರಲಿಲ್ಲ. “ತೋರಸ್ರಿ ನೋಡೂಣು.” ಪಾಪ, ಹುಡುಗ ಪಾಯಿಜಾಮದ ಮೇಲೇ ಕೋಟು ಹಾಕಿಕೊಂಡು ಜಿನುಗು ಮಳೆಯಲ್ಲಿ ಹೊರಗೆ ಹೋದ. ಹೆಣ್ಣು ನೋಡುವ ಶಾಸ್ತ್ರಕ್ಕೆ ಕೂತವರು ಹೀಗೆ ಡಬ್ಬಿ ನೋಡುವ ಶಾಸ್ತ್ರಕ್ಕಿಳಿದೆವು. ನೀಲಿ ಡಬ್ಬಿಗೆ ಕಾಗದ, ರಟ್ಟು. ಕಂದು ಡಬ್ಬಿಗೆ ಬಾಟಲಿ, ತಗಡು. ಹಸಿರು ಡಬ್ಬಿಗೆ ಉಳಿದ ಅನ್ನ, ತೋಟದ ಎಲೆ. ಯಾವುದಕ್ಕೂ ಸಲ್ಲದ್ದು ಕರಿ ಡಬ್ಬಿಗೆ. ತಪ್ಪು ಡಬ್ಬಿಗೆ ತಪ್ಪು ಕಸ ಬಿದ್ದರೆ ಒಯ್ಯದೆ ಬಿಟ್ಟುಹೋಗುತ್ತಾರೆ. ಮುಚ್ಚಳ ತೆರೆಯಿರಿ ಎಂದರು ವೈನಿ. ತೆರೆದ. ವೈನಿ ಕನ್ನಡಕ ಹಾಕಿಕೊಂಡು ಒಳಗೆ ಬಗ್ಗಿ ನೋಡಿದರು. ಹುಡುಗ ಏನು ತಿನ್ನುತ್ತಾನೆ, ಏನು ಕುಡಿಯುತ್ತಾನೆ ಎಂಬ ವಿಚಾರಣೆ ಇದಕ್ಕಿಂತ ಸಭ್ಯವಾಗಿ ಎಲ್ಲೂ ನಡೆದಿರಲಾರದು. ಕಂದು ಡಬ್ಬಿಯಲ್ಲಿ ಉಪ್ಪಿನಕಾಯಿಯ ಸೀಸೆ ಕಂಡು ಸಮಾಧಾನವಾಯಿತು.

ಮೆಲ್ಬರ್ನಿನವನು ಸುಮ್ಮನೆ ಕೂರುವನೇ? “ನಮ್ಮಲ್ಲೂ ನಾಕ ಐತ್ರಿ” ಎಂದು ಎದ್ದ. ಕೆಂಪು ಮುಚ್ಚಳ, ಹಳದಿ ಮುಚ್ಚಳ, ತಿಳಿಹಸಿರು ಮುಚ್ಚಳ. ಗಾಜಿಗೆಂದೇ ಪ್ರತ್ಯೇಕ ನೇರಳೆ ಮುಚ್ಚಳ. ಬಿಸಿಲಿನಲ್ಲಿ ಆ ನಾಲ್ಕೂ ಹೋಳಿಯಂತೆ ಹೊಳೆಯುತ್ತಿದ್ದವು. ನಾನು ಖತಾವಣಿಯಲ್ಲಿ ನಾಲ್ಕಕ್ಕೆ ನಾಲ್ಕು ಎಂದು ಬರೆದು, ಗಾಜಿಗೆ ಅರ್ಧ ಅಂಕ ಹೆಚ್ಚು ಕೊಟ್ಟೆ.

ಆಗ ವೈನಿ ಬ್ರಹ್ಮಾಸ್ತ್ರ ಬಿಟ್ಟರು. “ತೆಂಗಿನಕಾಯಿ ಚಿಪ್ಪು ಯಾವುದ್ರಾಗ ಹಾಕ್ತೀರಿ?”

ಎರಡೂ ಖಂಡಗಳು ಸ್ತಬ್ಧವಾದವು. ಅಡುಗೆಮನೆಯ ಕಸ, ಆದ್ದರಿಂದ ಹಸಿರು ಎಂದ ಒಬ್ಬ. ಅಷ್ಟು ಗಟ್ಟಿ ಇದ್ದದ್ದು ಕೊಳೆಯುವುದಿಲ್ಲ, ಕೆಂಪು ಎಂದ ಇನ್ನೊಬ್ಬ. ನಿಮ್ಮ ಕೌನ್ಸಿಲ್‌ನವರು ಏನಂತಾರೆ? ಕೌನ್ಸಿಲಿಗೊಂದು ನೇಮ ಇದೆ ಮಾರಾಯ, ನಿಮ್ಮವರದ್ದೇನು? ಇಬ್ಬರೂ ಮೊಬೈಲಿನಲ್ಲೇ ಹುಡುಕತೊಡಗಿದರು. ಹುಡುಕುತ್ತ ಬಾಡಿಗೆಗೆ ಬಂದರು, ಬಾಡಿಗೆಯಿಂದ ಮನೆಯ ಬೆಲೆಗೆ. ಮ್ಯಾಂಚೆಸ್ಟರಿನವನು, ಇಲ್ಲಿ ಕಾಯಂ ಆಗಲು ಐದು ವರ್ಷ ಇದ್ದದ್ದನ್ನು ಹತ್ತು ಮಾಡುತ್ತೇವೆ ಅನ್ನುತ್ತಿದ್ದಾರೆ, ನಿಮ್ಮಲ್ಲಿ ಹೇಗೆ ಎಂದ. ಅರವತ್ತೈದು ಪಾಯಿಂಟು ಇದ್ದರೆ ಅರ್ಜಿ ಹಾಕಬಹುದು, ಆದರೆ ಅಷ್ಟಕ್ಕೇ ಕರೆ ಬರುವುದಿಲ್ಲ, ನಿಮ್ಮ ವಯಸ್ಸೆಷ್ಟು ಎಂದ ಮೆಲ್ಬರ್ನಿನವನು. ವಯಸ್ಸು ಹೇಳಿದ. ಕೂಡಿಸಿದರು, ಕಳೆದರು. ಹುಡುಗಿಯ ಜಾತಕಕ್ಕೆ ಸಿಗದ ಮರ್ಯಾದೆ ಆ ಪಾಯಿಂಟಿಗೆ ಸಿಕ್ಕಿತು. ನಾವು ಮೂವರೂ ಪರದೆಯ ಮೂಲೆಯ ಒಂದು ಪುಟ್ಟ ಚೌಕದಲ್ಲಿ ನಗುಮುಖ ಮಾಡಿಕೊಂಡು ಕೂತೇ ಇದ್ದೆವು.

“ಊರಿಗೆ ಯಾವಾಗ ಬರ್ತೀರಿ?” ಎಂದು ಅಣ್ಣ ನಡುವೆ ಬಾಯಿ ಹಾಕಿದ. ಮೆಲ್ಬರ್ನಿನವನ ದನಿ ಇಳಿಯಿತು. “ಬರೂದೇನ್ರಿ, ಈಗ ಬರಾಕ ಬರ್ತೈತಿ. ಇಪ್ಪತ್ತೊಂದರಾಗ ಆಗಲಿಲ್ಲ. ಅಪ್ಪಾರ ಮಣ್ಣು ಮೊಬೈಲ್‌ನ್ಯಾಗ ನೋಡೇನಿ.”

2021ರ ಮೇ ತಿಂಗಳು. ತನ್ನ ನಾಗರಿಕರಾದರೂ ಸರಿ, ಭಾರತದಲ್ಲಿದ್ದವರು ಮರಳಿ ಕಾಲಿಟ್ಟರೆ ಐದು ವರ್ಷದವರೆಗೆ ಸೆರೆ ಎಂದು ಆಸ್ಟ್ರೇಲಿಯ ಹೆದರಿಸಿದ ದಿನಗಳು. ಅಲ್ಲಿಂದ ಹೊರಡಬೇಕಾದರೂ ಅಪ್ಪಣೆ ಬೇಕಿತ್ತು. ಬ್ರಿಟನ್ನೇನು ಹೂವಿನ ಹಾಸಿಗೆ ಹಾಸಿರಲಿಲ್ಲ. ಭಾರತವನ್ನು ಕೆಂಪು ಪಟ್ಟಿಗೆ ಸೇರಿಸಿ, ಮರಳಿದವರಿಂದ 1750 ಪೌಂಡು ವಸೂಲಿ ಮಾಡಿ ಹೋಟೆಲಿನಲ್ಲಿ ಕೂಡಿಹಾಕುತ್ತಿತ್ತು. ಆದರೂ ಬರಲು ದಾರಿ ಇತ್ತು. ಈ ಹುಡುಗ ಕರ್ನಾಟಕದ ಕಡೆಯ ಸದಲಗಾದವನು. ತಾಯಿ ಅಲ್ಲಿ ಒಬ್ಬಳೇ ಇದ್ದಾಳೆ. ತನಗೆ ತೆರಿಗೆ ಕಟ್ಟುವವನನ್ನು ತಂದೆಯ ಮಣ್ಣಿಗೆ ಬಿಡದ ದೇಶದ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೆ ಎಷ್ಟು ಅಂಕ ಕಳೆಯಬೇಕೆಂದು ಸೂತಗಿರಣಿಯ ಲೆಕ್ಕದಲ್ಲಿ ಕಲಿಸಿರಲಿಲ್ಲ. ಖತಾವಣಿ ಮುಚ್ಚಿದೆ.

ಮುಂದಿನದು ಚುಟುಕು. ಮ್ಯಾಂಚೆಸ್ಟರಿನವನು ಮದುವೆಯ ಮಾತನ್ನು ಒಂದು ವರ್ಷ ಮುಂದೂಡಿದ. ಮೆಲ್ಬರ್ನಿಗೆ ಅರ್ಜಿ ಹಾಕುತ್ತಿದ್ದಾನಂತೆ. ಇಬ್ಬರೂ ಈಗ ದಿನಾ ಮಾತಾಡುತ್ತಾರೆ. ನಮ್ಮೊಂದಿಗೆ ಮಾತ್ರ ಯಾರೂ ಆಡಲಿಲ್ಲ.

ಹೀಗಿರುವಾಗ ಸದಲಗಾದ ತಾಯಿಯೇ ಒಂದು ದಿನ ಯಾರಿಗೂ ತಿಳಿಸದೆ ನಮ್ಮ ಮನೆಗೆ ಬಂದಿಳಿದರು. ಚಹಾ ಕುಡಿದು, ಲೋಟ ಕೆಳಗಿಟ್ಟು, ವಿಚಾರಣೆ ಸುರು ಮಾಡಿದರು. “ಇಚಲಕರಂಜಿಗೆ ನಳದ ನೀರು ನಾಕೈದು ದಿನಕ್ಕೊಮ್ಮೆ ಅಂತಾರಲ್ರಿ?” ಅದು ಇಚಲಕರಂಜಿ, ನಮ್ಮದು ಯಡ್ರಾವ, ಬೋರ್ ಇದೆ ಎಂದು ನಾನು ಶಾಸಕನ ಗತ್ತಿನಲ್ಲಿ ಹೇಳಿದೆ. “ಮಹಾಪೂರ ಬಂದ್ರ?” “2019ರಾಗ ನಮ್ಮ ಶಿರೋಳ ತಾಲ್ಲೂಕೆಲ್ಲ ನೀರಾಗಿತ್ತು ಖರೆ, ನಿಮ್ಮ ದೂಧಗಂಗಾ ಆವಾಗ ಒಣಗಿತ್ತೇನ್ರಿ?” ಎಂದರು ವೈನಿ. “ಮಗ್ಗದ ಸಪ್ಪಳದಾಗ ರಾತ್ರಿ ನಿದ್ದಿ ಹತ್ತತೈತಿ?” “ಸಪ್ಪಳ ನಿಂತ್ರ ಎಚ್ಚರ ಆಗ್ತೈತ್ರಿ.” ಆಕೆ ಪ್ರತಿ ಉತ್ತರಕ್ಕೂ ಹೂಂ ಎನ್ನುತ್ತ, ಚೀಲದಿಂದ ಮಡಚಿದ ಕಾಗದವೊಂದನ್ನು ತೆಗೆದು ಏನೋ ಗುರುತು ಹಾಕುತ್ತಿದ್ದರು. ಲೆಕ್ಕ ಬರೆದವನ ಕಣ್ಣು ಸುಮ್ಮನಿರುತ್ತದೆಯೇ? ಬಗ್ಗಿ ನೋಡಿದೆ. ನಡುವೆ ಗೆರೆ. ಎಡಕ್ಕೆ ಯಡ್ರಾವ, ಬಲಕ್ಕೆ ಕಾಗವಾಡ.

ವೈನಿಯೂ ನೋಡಿದರು. ಮುಖ ಕೆಂಪಾಯಿತು. “ಕಾಗವಾಡದ ಹುಡುಗಿಗೆ ನಮ್ಮ ಹುಡುಗಿಗಿಂತ ಏನ ಹೆಚ್ಚೈತಿ ಅಂತ ಕೇಳ್ರಿ ಭಾವುಜಿ.”

ನಾನು ಕೇಳಬೇಕಾಗಲಿಲ್ಲ. ಆಕೆ ಕಾಗದ ಮಡಚುತ್ತಲೇ ಹೇಳಿದರು: “ಹುಡುಗಿಯರಿಬ್ಬರೂ ಚಲೋನ ಅದಾರವ್ವ. ಖರೆ ಮಗಾ–ಸೊಸಿ ಅಲ್ಲಿ ಹ್ವಾದ ಮ್ಯಾಲ ನನ್ನ ಕಡೆ ಬಂದು ಹೋಗಾವ್ರು ಬೀಗತಿ ಒಬ್ಬಾಕಿನ. ಕಾಗವಾಡದಾಕಿಗೆ ಬಸ್ಸು ಪುಕ್ಕಟೆ ಐತಿ. ನೀವು ನಿಮ್ಮ ಎಸ್ಟಿಯಾಗ ಅರ್ಧಾ, ನಮ್ಮ ಗಾಡಿಯಾಗ ಪೂರಾ ಟಿಕೀಟ ತಗದು ಎಷ್ಟ ಸಲ ಬರ್ತೀರಿ, ಹೇಳ್ರಿ?”